ಅಗ್ಗದ ಪಿಸ್ತೂಲಿನ ಮೇಲಿನ ಮೆರುಗು

1881ರ ಜೂನ್ ತಿಂಗಳಿನಲ್ಲಿ ವಾಷಿಂಗ್ಟನ್ ನಗರದ ಅಂಗಡಿಯೊಂದಕ್ಕೆ ಚಾರ್ಲ್ಸ್ ಗೀಟೋ ಎಂಬಾತ ರಿವಾಲ್ವರ್ ಕೊಳ್ಳಲು ಬಂದ. ಅವನ ಮುಂದೆ ಒಂದೇ ಬಗೆಯ ಎರಡು ಆಯುಧಗಳಿದ್ದವು. ಒಂದರ ಹಿಡಿ ಮರದ್ದು, ಇನ್ನೊಂದರದು ದಂತದ್ದು. ಗುಂಡು ಹಾರಿಸುವುದರಲ್ಲಿ ಎರಡಕ್ಕೂ ವ್ಯತ್ಯಾಸವಿರಲಿಲ್ಲ. ಆದರೂ ಗೀಟೋನ ಮನಸ್ಸು ದಂತದ ಹಿಡಿಯ ಕಡೆಗೇ ಎಳೆಯಿತು. ಕಾರಣ ವಿಚಿತ್ರವಾದುದು: ಮುಂದೆ ವಸ್ತುಸಂಗ್ರಹಾಲಯದಲ್ಲಿ ಇಟ್ಟಾಗ ಅದು ಚೆನ್ನಾಗಿ ಕಾಣುತ್ತದೆ ಎಂಬುದು ಅವನ ಲೆಕ್ಕಾಚಾರ! ಜುಲೈ 2ರಂದು ಆತ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರ ಮೇಲೆ ಗುಂಡು ಹಾರಿಸಿದ. ಎರಡೂವರೆ ತಿಂಗಳು ನರಳಿದ ಅಧ್ಯಕ್ಷರು ಸೆಪ್ಟೆಂಬರ್ 19ರಂದು ತೀರಿಕೊಂಡರು. ಆ ರಿವಾಲ್ವರ್ ಸ್ಮಿತ್‌ಸೋನಿಯನ್ ಸಂಸ್ಥೆಯನ್ನು ಸೇರಿದ್ದೇನೋ ನಿಜ. ಆದರೆ ಆಮೇಲೆ ಅಲ್ಲಿಂದ ಕಾಣೆಯಾಯಿತು. ಇಂದು ಉಳಿದಿರುವುದು ಅದರ ಛಾಯಾಚಿತ್ರ ಮಾತ್ರ.

ಕೊಲ್ಲುವ ಸಾಧನವೊಂದು ನೋಡಲೂ ಚೆನ್ನಾಗಿರಬೇಕೆಂಬ ಈ ಆಸೆ ಕೊಲೆಗಾರರದಷ್ಟೇ ಅಲ್ಲ. ಅಮೆರಿಕದಲ್ಲಿ ಕಡಿಮೆ ಬೆಲೆಯ ಪಿಸ್ತೂಲೊಂದನ್ನು ಕೊಂಡು, ಮನೆಯ ಹಿತ್ತಿಲಿನ ಷೆಡ್ಡಿನಲ್ಲೋ ಕಾರು ನಿಲ್ಲಿಸುವ ಕೊಠಡಿಯಲ್ಲೋ ಕುಳಿತು ಅದರ ತುಕ್ಕು ತಿಕ್ಕಿ, ಹೊಳಪು ಕೊಟ್ಟು, ಹೊಸ ಬಣ್ಣ ಹಿಡಿಸಿ, ಹಿಡಿಗೆ ಆಕ್ರೋಡು ಮರ ಕೆತ್ತಿ ಕೂರಿಸುವುದು ಲಕ್ಷಾಂತರ ಜನರ ಬಿಡುವಿನ ಹವ್ಯಾಸ. ಹಳೆಯ ಸ್ಕೂಟರನ್ನು ಬಿಚ್ಚಿ ಜೋಡಿಸುವವರಿಗೆ ಸಿಗುವ ತೃಪ್ತಿಯೇ ಅವರಿಗೂ ಸಿಗುತ್ತದೆ. ಆದರೆ ಈ ಹವ್ಯಾಸದ ಹಿಂದಿನ ಚರಿತ್ರೆ ಕೇವಲ ಬಣ್ಣ ಬೆಡಗಿನ ಚರಿತ್ರೆಯಲ್ಲ. ಬಡವನ ಕೈಯಲ್ಲಿ ಆಯುಧ ಇರಬೇಕೆ ಬೇಡವೆ, ಅಗ್ಗದ ವಸ್ತು ಅಪಾಯದ ವಸ್ತುವೂ ಆಗಬೇಕೆ, ಮೇಲಿನ ಮೆರುಗು ಒಳಗಿನ ದೋಷವನ್ನು ಎಷ್ಟು ಕಾಲ ಮುಚ್ಚಿಡಬಲ್ಲದು ಎಂಬ ಪ್ರಶ್ನೆಗಳೆಲ್ಲ ಅದರಲ್ಲಿ ಹೆಣೆದುಕೊಂಡಿವೆ.

ತುಕ್ಕೇ ಬಣ್ಣವಾದಾಗ

ಬಂದೂಕು, ಪಿಸ್ತೂಲುಗಳ ಆ ಕಪ್ಪು ಮಿಶ್ರಿತ ನೀಲಿ ಬಣ್ಣ ಎಲ್ಲಿಂದ ಬಂತು? ಅದು ಬಳಿದ ಬಣ್ಣವಲ್ಲ. ಹೇಳಬೇಕೆಂದರೆ ಅದೂ ಒಂದು ಬಗೆಯ ತುಕ್ಕೇ.

ಕಬ್ಬಿಣ ಗಾಳಿ ಮತ್ತು ತೇವದೊಡನೆ ಸೇರಿ ಎರಡು ಬಗೆಯ ಆಕ್ಸೈಡುಗಳನ್ನು ಕೊಡುತ್ತದೆ. ನಮಗೆಲ್ಲ ಗೊತ್ತಿರುವ ಕೆಂಪು ತುಕ್ಕು ಸಡಿಲವಾದದ್ದು, ಹೊಪ್ಪಳೆ ಹೊಪ್ಪಳೆಯಾಗಿ ಉದುರುವಂಥದು. ಅದು ಉದುರಿದಂತೆಲ್ಲ ಕೆಳಗಿನ ಕಬ್ಬಿಣ ಮತ್ತೆ ಗಾಳಿಗೆ ಒಡ್ಡಿಕೊಂಡು ಸವೆಯುತ್ತದೆ. ಎರಡನೆಯದು ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡ್. ಇದು ತೆಳುವಾಗಿ, ಲೋಹಕ್ಕೆ ಅಂಟಿಕೊಂಡು ನಿಲ್ಲುತ್ತದೆ; ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಂಪು ತುಕ್ಕು ಹತ್ತುವ ಮೊದಲೇ ಈ ಕಪ್ಪು ತುಕ್ಕನ್ನು ಬೇಕೆಂದೇ ಹತ್ತಿಸಿಬಿಟ್ಟರೆ ಅದೇ ಕಾವಲಾಗುತ್ತದೆ. ಶತ್ರುವಿನ ಮನೆಯವನನ್ನೇ ಬಾಗಿಲಿಗೆ ಕಾವಲು ಹಾಕಿದ ಹಾಗೆ.

ಹಿಂದಿನ ಕಮ್ಮಾರರು ನಳಿಗೆಗೆ ಆಮ್ಲದ ದ್ರಾವಣ ಸವರಿ, ತೇವವಿರುವ ಕಡೆ ಇಟ್ಟು, ಹತ್ತಿದ ನಯವಾದ ತುಕ್ಕನ್ನು ಉಜ್ಜಿ ತೆಗೆದು ಮತ್ತೆ ಸವರುತ್ತಿದ್ದರು. ಹಲವು ದಿನ ಹೀಗೆ ಮಾಡಿದರೆ ಕಂದುಬಣ್ಣ ನಿಲ್ಲುತ್ತಿತ್ತು. ಪ್ರತಿ ಸಾರಿಯೂ ಕುದಿಯುವ ನೀರಿಗೆ ಹಾಕಿದರೆ ಕೆಂಪು ಆಕ್ಸೈಡ್ ಕಪ್ಪಾಗಿ ತಿರುಗಿ, ನೀಲಿಗಪ್ಪು ಬರುತ್ತಿತ್ತು. ಇನ್ನೊಂದು ವಿಧಾನದಲ್ಲಿ ಕನ್ನಡಿಯಂತೆ ಹೊಳಪು ಕೊಟ್ಟ ಭಾಗಗಳನ್ನು ಕಾದ ಇದ್ದಿಲಿನಲ್ಲಿ ಹೂತಿಡುತ್ತಿದ್ದರು. ಅದರಿಂದ ನವಿಲುಗರಿಯನ್ನು ನೆನಪಿಸುವ ನೀಲಿ ಬರುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಕಾರ್ಖಾನೆಗಳು ಕಾಸ್ಟಿಕ್ ಸೋಡಾದಂಥ ಲವಣಗಳ ಕುದಿಯುವ ತೊಟ್ಟಿಯಲ್ಲಿ ಅದ್ದಿ, ದಿನಗಳ ಕೆಲಸವನ್ನು ನಿಮಿಷಗಳಿಗೆ ಇಳಿಸಿದವು.

ವಿಧಾನ ಯಾವುದೇ ಇರಲಿ, ಗುಟ್ಟು ಇರುವುದು ಬಣ್ಣದಲ್ಲಲ್ಲ, ಅದಕ್ಕೆ ಮೊದಲಿನ ತಿಕ್ಕುವಿಕೆಯಲ್ಲಿ. ಆಕ್ಸೈಡಿನ ಪದರ ಎಷ್ಟು ತೆಳುವೆಂದರೆ ಕೆಳಗಿನ ಒಂದೊಂದು ಗೀರೂ ಅದರ ಮೂಲಕ ಕಾಣುತ್ತದೆ. ಒರಟು ಎಮರಿ ಕಾಗದದಿಂದ ಮೊದಲಾಗಿ ನಯವಾದ ಕಾಗದದವರೆಗೆ ಗಂಟೆಗಟ್ಟಲೆ, ಅಂಚುಗಳು ಮೊಂಡಾಗದಂತೆ, ಕೊರೆದ ಅಕ್ಷರಗಳು ಅಳಿಯದಂತೆ ತಿಕ್ಕಬೇಕು. ಕೂಲಿಯಲ್ಲಿ ಹೆಚ್ಚಿನ ಪಾಲು ಹೋಗುತ್ತಿದ್ದುದು ಇದಕ್ಕೇ. ಆದ್ದರಿಂದಲೇ ಪಿಸ್ತೂಲಿನ ಮೈಬಣ್ಣ ನೋಡಿದರೆ ಅದರ ಬೆಲೆ ಹೇಳಬಹುದಾಗಿತ್ತು.

ಕೋಲ್ಟ್ ಕಂಡುಕೊಂಡ ವ್ಯಾಪಾರ

ಆಯುಧದ ಅಲಂಕಾರವನ್ನು ಅರಮನೆಯಿಂದ ಪೇಟೆಗೆ ತಂದವನು ಸ್ಯಾಮ್ಯುಯೆಲ್ ಕೋಲ್ಟ್. 1836ರಲ್ಲಿ ಅಮೆರಿಕದ ಪೇಟೆಂಟ್ ಪಡೆದು ರಿವಾಲ್ವರ್ ತಯಾರಿಕೆ ಆರಂಭಿಸಿದ ಆತ ತಂತ್ರಜ್ಞನಷ್ಟೇ ಅಲ್ಲ, ಜಾಹೀರಾತಿನ ಮರ್ಮವನ್ನೂ ಬಲ್ಲವನಾಗಿದ್ದ. ಚಿನ್ನದ ಕುಸುರಿಯ ರಿವಾಲ್ವರುಗಳನ್ನು ಮಾಡಿಸಿ ರಷ್ಯಾದ ಜಾರ್ ಚಕ್ರವರ್ತಿ, ತುರ್ಕಿಯ ಸುಲ್ತಾನರಂಥವರಿಗೆ ಕಾಣಿಕೆ ಕೊಟ್ಟ. ಸಾಮಾನ್ಯ ಗಿರಾಕಿಗೆ ಅಷ್ಟು ಕೆತ್ತನೆ ಕೊಡಲಾಗದು. ಅದಕ್ಕೆ ಇನ್ನೊಂದು ಉಪಾಯ ಹುಡುಕಿದ. ಬ್ಯಾಂಕ್ ನೋಟುಗಳ ಅಚ್ಚು ಕೊರೆಯುತ್ತಿದ್ದ ವಾಟರ್‌ಮನ್ ಆರ್ಮ್ಸ್‌ಬಿ ಎಂಬವನಿಂದ ಚಿತ್ರದ ಅಚ್ಚು ಮಾಡಿಸಿ, ಗುಂಡುಗಳನ್ನು ತುಂಬುವ ಉರುಳೆಯ ಮೇಲೆ ಯಂತ್ರದಿಂದ ಒತ್ತಿಸಿದ. 1851ರ 'ನೇವಿ' ಮಾದರಿಯ ಮೇಲೆ ಟೆಕ್ಸಾಸ್ ಮತ್ತು ಮೆಕ್ಸಿಕೋ ನೌಕಾಪಡೆಗಳ ನಡುವೆ 1843ರಲ್ಲಿ ನಡೆದ ಕಾಂಪೆಚೆ ಕದನದ ದೃಶ್ಯ ಹೀಗೆ ಮೂಡಿತು. ಸೊಗಸೂ ಆಯಿತು, ನಕಲು ಮಾಡುವವರಿಗೆ ತಡೆಯೂ ಆಯಿತು.

ನಕಲಿನ ಕಾಟ ಆ ಕಾಲದಲ್ಲಿ ಅಷ್ಟಿಷ್ಟಲ್ಲ. ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಎಂಬ ಕುಶಲಕರ್ಮಿ ಮುಷ್ಟಿಯಲ್ಲಿ ಅಡಗುವಷ್ಟು ಸಣ್ಣ ಪಿಸ್ತೂಲುಗಳಿಗೆ ಹೆಸರಾಗಿದ್ದ. ಅವನ ಮಾದರಿಯನ್ನು ಕದ್ದವರು ಎಷ್ಟು ಮಂದಿಯೋ. ಅವನ ಬಳಿ ಕೆಲಸ ಬಿಟ್ಟುಹೋದ ಕೆಲವರು ಜಾನ್ ಡೆರಿಂಜರ್ ಎಂಬ ದರ್ಜಿಯೊಬ್ಬನನ್ನು ಹುಡುಕಿ, ಆ ಹೆಸರಿನ ಬಲದಿಂದಲೇ ತಮ್ಮ ಸರಕಿಗೆ 'ಡೆರಿಂಜರ್' ಮುದ್ರೆ ಒತ್ತಿದರು! 1865ರ ಏಪ್ರಿಲ್ 14ರ ರಾತ್ರಿ ಫೋರ್ಡ್ ನಾಟಕಶಾಲೆಯಲ್ಲಿ ಅಬ್ರಹಾಂ ಲಿಂಕನ್ ಅವರನ್ನು ಬಲಿ ತೆಗೆದುಕೊಂಡದ್ದು ಇಂಥ ಒಂದು ಡೆರಿಂಜರ್ ಪಿಸ್ತೂಲೇ. ಆ ಹೆಸರು ಮುಂದೆ ಒಂದು 'ಆರ್' ಅಕ್ಷರ ಹೆಚ್ಚಿಸಿಕೊಂಡು, ಇಂಗ್ಲಿಷಿನಲ್ಲಿ ಎಲ್ಲ ಪುಟ್ಟ ಪಿಸ್ತೂಲುಗಳಿಗೂ ಸಾಮಾನ್ಯ ನಾಮವಾಗಿಬಿಟ್ಟಿತು.

ಬೆಳ್ಳಿಯಂತೆ ಹೊಳೆಯುವ ಸರಕು

1869 ಅಗ್ಗದ ಪಿಸ್ತೂಲಿನ ಚರಿತ್ರೆಯಲ್ಲಿ ಮುಖ್ಯವಾದ ವರ್ಷ. ಲೋಹದ ತೋಟಾ ಬಳಸುವ ರಿವಾಲ್ವರುಗಳ ಮೇಲೆ ಸ್ಮಿತ್ ಅಂಡ್ ವೆಸನ್ ಸಂಸ್ಥೆಗಿದ್ದ ಪೇಟೆಂಟಿನ ಹಿಡಿತ ಆ ವರ್ಷ ಕೊನೆಗೊಂಡಿತು. ಅದೇ ವರ್ಷ ಬಾಸ್ಟನ್ನಿನ ಐಸಾಕ್ ಆಡಮ್ಸ್ ವಿದ್ಯುತ್ತಿನ ಮೂಲಕ ನಿಕಲ್ ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಒಂದು ಘಟನೆ ಪೇಟೆಯ ಬಾಗಿಲು ತೆರೆಯಿತು, ಇನ್ನೊಂದು ಸರಕಿಗೆ ಮೆರುಗು ಕೊಟ್ಟಿತು. ಮುಂದಿನ ಎರಡು ದಶಕಗಳಲ್ಲಿ ನ್ಯೂ ಇಂಗ್ಲೆಂಡ್ ಸೀಮೆಯ ಸಣ್ಣ ಪುಟ್ಟ ಕಾರ್ಖಾನೆಗಳಿಂದ ಎರಡು ಮೂರು ಡಾಲರ್ ಬೆಲೆಯ ರಿವಾಲ್ವರುಗಳು ಹೊಳೆಯಂತೆ ಹರಿದವು. 'ಡಿಫೆಂಡರ್', 'ಟ್ರಾಂಪ್ಸ್ ಟೆರರ್', 'ರೆಡ್ ಜಾಕೆಟ್' ಎಂಬಂಥ ಗಡಸು ಹೆಸರುಗಳು, ಬೆಳ್ಳಿಯಂತೆ ಹೊಳೆಯುವ ಮೈ. ಮೃದುವಾದ ಕಬ್ಬಿಣ, ಒರಟು ಕೆಲಸ, ತಾಳಮೇಳವಿಲ್ಲದ ಜೋಡಣೆ ಎಲ್ಲವೂ ಆ ನಿಕಲಿನ ಕೆಳಗೆ ಮರೆಯಾಗುತ್ತಿದ್ದವು. ಹೊರಗೆ ಥಳಕು, ಒಳಗೆ ಹುಳುಕು ಎಂಬ ನಮ್ಮ ಮಾತು ಇವುಗಳಿಗೆಂದೇ ಹುಟ್ಟಿದಂತಿದೆ. ಮುಂದೆ ಸಂಗ್ರಹಕಾರರು ಇವುಗಳಿಗೆ ಇಟ್ಟ ಅಡ್ಡಹೆಸರು 'ಸೂಯಿಸೈಡ್ ಸ್ಪೆಷಲ್'.

ಹಾಗೆಂದು ಅಗ್ಗದ್ದೆಲ್ಲ ಕೆಟ್ಟದ್ದೆಂದಲ್ಲ. ನಾರ್ವೆಯಿಂದ ವಲಸೆ ಬಂದ ಐವರ್ ಜಾನ್ಸನ್ ಸ್ಥಾಪಿಸಿದ ಸಂಸ್ಥೆಯ ರಿವಾಲ್ವರುಗಳು ಸಾಮಾನ್ಯ ಕೂಲಿಕಾರನಿಗೂ ಎಟುಕುವ ಬೆಲೆಯವು. ಆದರೆ ಟ್ರಿಗರನ್ನು ಪೂರ್ತಿ ಎಳೆಯದ ಹೊರತು ಸುತ್ತಿಗೆಯ ಹೊಡೆತ ತೋಟಾಕ್ಕೆ ತಾಗದಂತೆ ನಡುವೆ ಒಂದು ಪುಟ್ಟ ಪಟ್ಟಿಯನ್ನು ಅವುಗಳಲ್ಲಿ ಅಳವಡಿಸಲಾಗಿತ್ತು. ರಿವಾಲ್ವರ್ ಕೈಜಾರಿ ಬಿದ್ದರೂ ಗುಂಡು ಹಾರದು. ಸುತ್ತಿಗೆಯನ್ನು ಸುತ್ತಿಗೆಯಿಂದಲೇ ಬಡಿದು ನೋಡಿ ಎಂದು ಸಂಸ್ಥೆ ಜಾಹೀರಾತು ಕೊಡುತ್ತಿತ್ತು. ಸುರಕ್ಷತೆಗೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಯೋಚನೆ ಎಂಬುದನ್ನು ಆ ಪಟ್ಟಿ ತೋರಿಸಿಕೊಟ್ಟಿತು. ಆದರೆ ಆಕಸ್ಮಿಕವನ್ನು ತಡೆಯಬಲ್ಲ ಸಾಧನ ಉದ್ದೇಶವನ್ನು ತಡೆಯಲಾರದು. 1901ರ ಸೆಪ್ಟೆಂಬರ್ 6ರಂದು ಬಫೆಲೋ ನಗರದ ವಸ್ತುಪ್ರದರ್ಶನದಲ್ಲಿ ಅಧ್ಯಕ್ಷ ವಿಲಿಯಂ ಮೆಕಿನ್ಲಿ ಅವರ ಮೇಲೆ ಗುಂಡು ಹಾರಿಸಿದ ಲಿಯಾನ್ ಚೊಲ್ಗೋಷ್, ಕರವಸ್ತ್ರದಲ್ಲಿ ಸುತ್ತಿ ತಂದಿದ್ದುದು ನಾಲ್ಕೂವರೆ ಡಾಲರಿನ ಐವರ್ ಜಾನ್ಸನ್ ರಿವಾಲ್ವರನ್ನೇ.

ಬೆಲೆಯೇ ಬೇಲಿ

ಅಗ್ಗದ ಪಿಸ್ತೂಲನ್ನು ನಿಷೇಧಿಸಬೇಕೆಂಬ ಮಾತು ಮೊದಲು ಎದ್ದದ್ದು ಸುರಕ್ಷತೆಯ ಹೆಸರಿನಲ್ಲಿ. ಆದರೆ ಅದರ ಹಿಂದೆ ಬೇರೆ ಲೆಕ್ಕಗಳೂ ಇದ್ದವು. 1879ರಲ್ಲಿ ಟೆನೆಸ್ಸಿ ರಾಜ್ಯ ಒಂದು ಕಾನೂನು ಮಾಡಿ, ಸೈನ್ಯ ಮತ್ತು ನೌಕಾಪಡೆ ಬಳಸುವ ದೊಡ್ಡ ಮಾದರಿಗಳ ಹೊರತು ಉಳಿದ ಪಿಸ್ತೂಲುಗಳ ಮಾರಾಟವನ್ನು ನಿಷೇಧಿಸಿತು. 1881ರಲ್ಲಿ ಆರ್ಕನ್ಸಾ ರಾಜ್ಯವೂ ಇಂಥದೇ ಕಾನೂನು ತಂದಿತು. ಕಾನೂನಿನಲ್ಲಿ ಯಾರ ಬಣ್ಣವನ್ನೂ ಹೆಸರಿಸಿರಲಿಲ್ಲ. ಆದರೆ ಸೈನ್ಯದ ಮಾದರಿಗಳು ದುಬಾರಿ. ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಬಿಳಿಯರ ಮನೆಗಳಲ್ಲಿ ಅವು ಮೊದಲೇ ಇದ್ದವು. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆ ಹೊಂದಿದ ಕರಿಯರಿಗೂ ಬಡ ಬಿಳಿಯರಿಗೂ ಎಟುಕುತ್ತಿದ್ದುದು ಎರಡು ಡಾಲರಿನ ಸರಕು ಮಾತ್ರ. ಮುಸುಕು ಹಾಕಿಕೊಂಡು ರಾತ್ರಿ ಬಾಗಿಲು ಬಡಿಯುವವರ ಭಯದಲ್ಲಿ ಬದುಕುತ್ತಿದ್ದವನಿಗೆ ಆ ಸರಕೂ ಕೈತಪ್ಪಿತು. ಈ ಕಾನೂನುಗಳ ಚರಿತ್ರೆಯನ್ನು ಬರೆದ ಹಲವರು ಇದನ್ನೇ ಎತ್ತಿ ತೋರಿಸಿದ್ದಾರೆ.

ಇನ್ನೊಂದು ಪಕ್ಷದ ವಾದವೂ ಹಗುರವಾದುದಲ್ಲ. ಅಗ್ಗದ ಪಿಸ್ತೂಲಿಗೆ ಹೆಚ್ಚಾಗಿ ಬಲಿಯಾಗುತ್ತಿದ್ದವರೂ ಬಡವರ ಕೇರಿಯವರೇ. ಕುಡಿತದ ಜಗಳ, ಮನೆಯೊಳಗಿನ ಸಿಟ್ಟು, ಮಕ್ಕಳ ಕೈಗೆ ಸಿಕ್ಕ ಆಯುಧ ಇವೆಲ್ಲ ಅಲ್ಲಿಯೇ ಹೆಚ್ಚು ಹೆಣ ಉರುಳಿಸಿದವು. ಹೀಗೆ ಒಂದೇ ವಸ್ತು ಬಡವನ ರಕ್ಷಣೆಯೂ ಆಗಿ, ಅವನ ಶತ್ರುವೂ ಆಗಿ ಕಾಣಿಸಿಕೊಂಡಿತು. ಈ ಇಬ್ಬಂದಿಯಿಂದ ಅಮೆರಿಕ ಇಂದಿಗೂ ಹೊರಬಂದಿಲ್ಲ.

ಹಿತ್ತಿಲಿನ ಷೆಡ್ಡಿನಲ್ಲಿ

ಮನೆಯಲ್ಲಿ ಕುಳಿತು ಪಿಸ್ತೂಲನ್ನು ಹೊಸದು ಮಾಡುವ ಹವ್ಯಾಸ ನಿಜವಾಗಿ ಬೇರೂರಿದ್ದು ಎರಡನೆಯ ಮಹಾಯುದ್ಧದ ಬಳಿಕ. ಯುದ್ಧಕಾಲದ ಆಯುಧಗಳಿಗೆ ಸೊಗಸಿನ ಗೊಡವೆ ಇರಲಿಲ್ಲ. ನೀಲಿ ಹೊಳಪಿನ ಬದಲು ಫಾಸ್ಫೇಟ್ ಲವಣದ ಬೂದುಬಣ್ಣದ ಮಂದ ಲೇಪ ಬಂತು. 1942ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಗೈಡ್ ಲ್ಯಾಂಪ್ ವಿಭಾಗ, ಕಾರಿನ ದೀಪ ತಯಾರಿಸುವ ಕೈಗಳಿಂದಲೇ, ಸುಮಾರು 10 ಲಕ್ಷ 'ಲಿಬರೇಟರ್' ಪಿಸ್ತೂಲುಗಳನ್ನು ಮಾಡಿಸಿತು. ತಗಡು ಒತ್ತಿ ಮಾಡಿದ, ಒಂದು ಸಲಕ್ಕೆ ಒಂದೇ ಗುಂಡಿನ ಈ ಪಿಸ್ತೂಲಿಗೆ ತಗುಲಿದ ವೆಚ್ಚ ಎರಡು ಡಾಲರಿನ ಆಸುಪಾಸು. ಶತ್ರುವಿನ ವಶದಲ್ಲಿರುವ ನಾಡುಗಳ ಜನರಿಗೆ ಹಂಚುವುದು ಉದ್ದೇಶ. ಯಾವ ಭಾಷೆಯವನಿಗೂ ತಿಳಿಯಲೆಂದು ಬಳಕೆಯ ವಿಧಾನವನ್ನು ಅಕ್ಷರವಿಲ್ಲದ ಚಿತ್ರಗಳಲ್ಲಿ ಬರೆದು ಜೊತೆಗಿಟ್ಟಿದ್ದರು.

ಯುದ್ಧ ಮುಗಿದ ಮೇಲೆ ಸೈನ್ಯಗಳ ಹಳೆಯ ಪಿಸ್ತೂಲುಗಳು ರಾಶಿರಾಶಿಯಾಗಿ ಅಗ್ಗದ ಬೆಲೆಗೆ ಪೇಟೆಗೆ ಬಂದವು. ಸೈನ್ಯದಿಂದ ಮರಳಿದ, ಯಂತ್ರದ ಕೆಲಸ ಬಲ್ಲ ಯುವಕರು ಊರೂರಿನಲ್ಲಿದ್ದರು. ಅಯೋವಾ ರಾಜ್ಯದ ಮಾಂಟೆಜೂಮಾ ಎಂಬ ಸಣ್ಣ ಊರಿನಲ್ಲಿ ಬಾಬ್ ಬ್ರೌನೆಲ್ 1939ರಲ್ಲಿ ಆರಂಭಿಸಿದ್ದ ಅಂಗಡಿ, ಬಣ್ಣ ಹಿಡಿಸುವ ಲವಣ, ಅರ, ಕಾನಸು, ಬಿಡಿಭಾಗಗಳನ್ನು ಅಂಚೆಯ ಮೂಲಕ ಕಳಿಸುತ್ತ ಈ ಹವ್ಯಾಸಿಗಳ ಭಂಡಾರವೇ ಆಯಿತು. ಕ್ಯಾಲಿಫೋರ್ನಿಯಾದಲ್ಲಿ ಹುಡುಗರು ಹಳೆಯ ಫೋರ್ಡ್ ಕಾರುಗಳನ್ನು ಬಿಚ್ಚಿ ಓಟದ ಕಾರುಗಳನ್ನಾಗಿ ಮಾಡುತ್ತಿದ್ದ ಕಾಲ ಅದು. ಅದೇ ಸೀಮೆಯಲ್ಲಿ ಆರ್ಮಂಡ್ ಸ್ವೆನ್ಸನ್‌ನಂಥ ಕಸುಬುದಾರರು ಸೈನ್ಯದ ಸಾದಾ ಪಿಸ್ತೂಲನ್ನು ಸ್ಪರ್ಧೆಯ ಪಿಸ್ತೂಲನ್ನಾಗಿ ತಿದ್ದಿ ಹೆಸರು ಮಾಡಿದರು. ಅವರನ್ನು ನೋಡಿ ಸಾವಿರಾರು ಜನ ಮನೆಯಲ್ಲೇ ಕೈಹಚ್ಚಿದರು.

ಮನೆಯ ಕೆಲಸಕ್ಕೆಂದು ಸೀಸೆಯಲ್ಲಿ ಸಿಗುವ 'ತಣ್ಣನೆಯ ನೀಲಿ' ದ್ರಾವಣ ನಿಜವಾದ ನೀಲಿಯಲ್ಲ. ಅದು ತಾಮ್ರ ಮತ್ತು ಸೆಲೆನಿಯಂ ಸಂಯುಕ್ತಗಳ ತೆಳು ಕಪ್ಪು. ಬೆವರು ತಾಗಿದರೆ ಬೇಗ ಸವೆಯುತ್ತದೆ. ಆದರೂ ಎಣ್ಣೆಯ ಜಿಡ್ಡನ್ನೆಲ್ಲ ತೆಗೆದು, ತಾಳ್ಮೆಯಿಂದ ತಿಕ್ಕಿ, ಪದರ ಪದರವಾಗಿ ಸವರಿದರೆ ಹಾಳುಬಿದ್ದಿದ್ದ ಉಕ್ಕು ಮತ್ತೆ ಮುಖ ತೋರಿಸುತ್ತದೆ. ಈ ಕೆಲಸದಲ್ಲಿ ಎರಡು ಎಚ್ಚರಗಳು ಬಹಳ ಹಳೆಯವು. ಒಂದು, ಮೈಮೇಲಿನ ಕ್ರಮಸಂಖ್ಯೆ. 1968ರ ಕಾನೂನು ಪ್ರತಿ ಆಯುಧಕ್ಕೂ ಅದನ್ನು ಕಡ್ಡಾಯ ಮಾಡಿತು; ತಿಕ್ಕುವ ಭರದಲ್ಲಿ ಅದನ್ನು ಅಳಿಸಿದರೆ ಹವ್ಯಾಸ ಅಪರಾಧವಾಗುತ್ತದೆ. ಎರಡು, ಹೊರಮೈಯನ್ನು ಎಷ್ಟು ಬೇಕಾದರೂ ತಿಕ್ಕಬಹುದು, ಒಳಗಿನ ಕೊಕ್ಕೆಗಳನ್ನು ಮಾತ್ರ ಬಲ್ಲವನಲ್ಲದವನು ಮುಟ್ಟಬಾರದು. ಸುತ್ತಿಗೆಯನ್ನು ತಡೆದು ಹಿಡಿಯುವ ಕೊಕ್ಕೆಯ ಅಂಚು ಕೂದಲೆಳೆಯಷ್ಟು ಸವೆದರೂ ಪಿಸ್ತೂಲು ತನ್ನಷ್ಟಕ್ಕೆ ಸಿಡಿಯಬಹುದು.

ಇನ್ನೊಂದು ತಮಾಷೆಯೂ ಉಂಟು. ಹಳೆಯ ಕೋಲ್ಟ್ ಸಿಕ್ಕಿದ ಸಂತೋಷದಲ್ಲಿ ಯಾರಾದರೂ ಅದಕ್ಕೆ ಹೊಸ ನೀಲಿ ಹಿಡಿಸಿದರೆ ಅದರ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಸಂಗ್ರಹಕಾರನಿಗೆ ಬೇಕಾದದ್ದು ಕಾರ್ಖಾನೆಯ ಮೂಲ ಬಣ್ಣ, ಅದು ಅರ್ಧ ಸವೆದಿದ್ದರೂ ಸರಿ. ಹೀಗಾಗಿ ಮನೆಯ ಕುಶಲಕರ್ಮಿಗೆ ಧಾರಾಳವಾಗಿ ಕೈಯಾಡಿಸಲು ಉಳಿದದ್ದು ಯಾರೂ ಬೆಲೆ ಕೊಡದ ಅಗ್ಗದ ಪಿಸ್ತೂಲೇ.

ನಮ್ಮ ದೇಶದಲ್ಲಿ ಇಂಥ ಹವ್ಯಾಸಕ್ಕೆ ಎಡೆಯಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಕು. ದುರಸ್ತಿಯ ಕಸುಬಿಗೆ ಬೇರೆಯೇ ಪರವಾನಗಿ ಬೇಕು. ಪರವಾನಗಿಯ ವಿನಾಯಿತಿ ಇರುವ ಕೊಡವರೂ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಶುಚಿಮಾಡಿ, ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಅಲ್ಲಿನ ಅಲಂಕಾರ ಹೂವಿನದು, ಸಂಜೆಗೆ ಬಾಡುತ್ತದೆ.

ನೀಲಿ ಹತ್ತದ ಲೋಹ

1960ರ ದಶಕದ ಸಾಲು ಸಾಲು ಹತ್ಯೆಗಳು ಅಮೆರಿಕವನ್ನು ನಡುಗಿಸಿದವು. 1963ರಲ್ಲಿ ಅಧ್ಯಕ್ಷ ಕೆನಡಿ, 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಅದೇ ವರ್ಷ ರಾಬರ್ಟ್ ಕೆನಡಿ. 1968ರ ಅಕ್ಟೋಬರಿನಲ್ಲಿ ಬಂದ ಬಂದೂಕು ನಿಯಂತ್ರಣ ಕಾನೂನು ವಿದೇಶದ ಅಗ್ಗದ ಪಿಸ್ತೂಲುಗಳ ಆಮದಿಗೆ ತಡೆ ಹಾಕಿತು. ಆದರೆ ದೇಶದೊಳಗೆ ಅಂಥವನ್ನು ತಯಾರಿಸಲು ತಡೆ ಇರಲಿಲ್ಲ. ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸಲೂ ತಡೆ ಇರಲಿಲ್ಲ. 1981ರಲ್ಲಿ ಅಧ್ಯಕ್ಷ ರೇಗನ್ ಅವರನ್ನು ಗಾಯಗೊಳಿಸಿದ್ದು ಜರ್ಮನಿಯ ಬಿಡಿಭಾಗಗಳಿಂದ ಮಯಾಮಿಯಲ್ಲಿ ಜೋಡಿಸಿ, ಡಲ್ಲಾಸಿನ ಗಿರವಿ ಅಂಗಡಿಯಲ್ಲಿ ಮಾರಿದ ಅಂಥದೇ ಒಂದು ರಿವಾಲ್ವರ್.

ಕಾನೂನಿನ ಈ ಸಂದಿಯನ್ನು ಚೆನ್ನಾಗಿ ಬಳಸಿಕೊಂಡವನು ದಕ್ಷಿಣ ಕ್ಯಾಲಿಫೋರ್ನಿಯಾದ ಜಾರ್ಜ್ ಜೆನಿಂಗ್ಸ್. 1970ರಲ್ಲಿ ಅವನು ರೇವನ್ ಎಂಬ ಹೆಸರಿನ ಪುಟ್ಟ ಪಿಸ್ತೂಲಿನ ತಯಾರಿಕೆ ಆರಂಭಿಸಿದ. ಮಗ, ಅಳಿಯ, ಬಂಧುಮಿತ್ರರು ಒಂದೊಂದು ಕಾರ್ಖಾನೆ ತೆರೆದರು. ಲಾಸ್ ಏಂಜಲಿಸ್ ಸುತ್ತಲಿನ ಈ ಕಾರ್ಖಾನೆಗಳಿಗೆ 1994ರ ಅಧ್ಯಯನವೊಂದರಲ್ಲಿ ವೈದ್ಯ ಗ್ಯಾರನ್ ವಿಂಟೆಮ್ಯೂಟ್ ಕೊಟ್ಟ ಹೆಸರು 'ಬೆಂಕಿಯ ಬಳೆ'. 1993ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಪಿಸ್ತೂಲು ತಯಾರಿಸಿದ ಸಂಸ್ಥೆ ಇವುಗಳಲ್ಲೊಂದಾದ ಲಾರ್ಸಿನ್.

ಇವು ಅಗ್ಗವಾಗಲು ಕಾರಣ ಲೋಹ. ಉಕ್ಕನ್ನು ಕಡೆದು ಮಾಡುವ ಬದಲು, ಸತುವಿಗೆ ಅಲ್ಯೂಮಿನಿಯಂ ಮೊದಲಾದವನ್ನು ಬೆರೆಸಿದ ಮಿಶ್ರಲೋಹವನ್ನು ಕರಗಿಸಿ ಅಚ್ಚಿನಲ್ಲಿ ಎರಕ ಹೊಯ್ಯುತ್ತಿದ್ದರು. ಆಟಿಕೆ ಕಾರು, ಬಾಗಿಲ ಹಿಡಿಕೆಗಳನ್ನು ಮಾಡುವ ಲೋಹವದು. ನಳಿಗೆಯಂಥ ಕೆಲವೇ ಭಾಗಗಳು ಉಕ್ಕಿನವು. ಈ ಮಿಶ್ರಲೋಹ ಸುಮಾರು 390 ಡಿಗ್ರಿ ಸೆಲ್ಷಿಯಸ್‌ನಲ್ಲೇ ಕರಗುತ್ತದೆ. ಉಕ್ಕಿಗೆ 1400 ಡಿಗ್ರಿಗೂ ಹೆಚ್ಚು ಬೇಕು. ದಕ್ಷಿಣ ಕೆರೊಲಿನಾ, ಇಲಿನಾಯ್ಸ್‌ನಂಥ ರಾಜ್ಯಗಳು 1970ರ ದಶಕದಲ್ಲಿ 800 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 427 ಡಿಗ್ರಿ ಸೆಲ್ಷಿಯಸ್‌ಗಿಂತ ಕೆಳಗೆ ಕರಗುವ ಪಿಸ್ತೂಲುಗಳ ಮಾರಾಟವನ್ನು ತಡೆಯಲು ಕಾನೂನು ತಂದದ್ದು ಈ ಕಾರಣಕ್ಕೆ. ಟೆನೆಸ್ಸಿಯ ಬೆಲೆಯ ಬೇಲಿ ಇಲ್ಲಿ ಶಾಖದ ಬೇಲಿಯಾಯಿತು.

ಮನೆಯಲ್ಲಿ ಮೆರುಗು ಕೊಡಹೊರಟವನಿಗೆ ಈ ಲೋಹ ಬೇರೊಂದು ಪಾಠ ಕಲಿಸುತ್ತದೆ. ನೀಲಿ ಎಂಬುದು ಕಬ್ಬಿಣದ ಆಕ್ಸೈಡ್. ಕಬ್ಬಿಣವೇ ಇಲ್ಲದ ಕಡೆ ಅದು ಹುಟ್ಟುವುದೆಲ್ಲಿ? ಸತುವಿನ ಪಿಸ್ತೂಲನ್ನು ನೀಲಿಯ ಕುದಿಯುವ ತೊಟ್ಟಿಗೆ ಹಾಕಿದರೆ ಬಣ್ಣ ಬರುವುದಿಲ್ಲ, ಕ್ಷಾರ ಲೋಹವನ್ನೇ ತಿಂದುಹಾಕುತ್ತದೆ. ಆದ್ದರಿಂದ ಕಾರ್ಖಾನೆಯವರು ಕ್ರೋಮ್ ಲೇಪಿಸಿದರು, ಕಪ್ಪು ಬಣ್ಣ ಬಳಿದರು, ಹಿಡಿಗೆ ಮುತ್ತಿನ ಚಿಪ್ಪನ್ನು ಹೋಲುವ ಪ್ಲಾಸ್ಟಿಕ್ ಕೂರಿಸಿದರು. ಹವ್ಯಾಸಿಗಳೂ ಬಣ್ಣದ ಮೊರೆಹೊಕ್ಕರು. ಒಲೆಯಲ್ಲಿ ಕಾಯಿಸಿ ಗಟ್ಟಿಮಾಡುವ ಪಿಂಗಾಣಿ ಬೆರೆತ ಲೇಪಗಳು ಬಂದ ಮೇಲೆ ಹಸಿರು, ಕಂದು, ಹೊಂಬಣ್ಣ ಯಾವುದೂ ಅಸಾಧ್ಯವಾಗಿ ಉಳಿಯಲಿಲ್ಲ.

ಬಣ್ಣ ಮುಟ್ಟದ ಜಾಗ

ಈ ಪಿಸ್ತೂಲುಗಳ ಒಳಗಿನ ಕಥೆಯನ್ನು ಬಯಲಿಗೆಳೆದದ್ದು ಒಬ್ಬ ಬಾಲಕ. 1994ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾದ ವಿಲಿಟ್ಸ್ ಎಂಬ ಊರಿನಲ್ಲಿ, 'ಬೆಂಕಿಯ ಬಳೆ'ಯ ಬ್ರೈಕೋ ಸಂಸ್ಥೆ ತಯಾರಿಸಿದ ಪಿಸ್ತೂಲೊಂದರಿಂದ ಗುಂಡುಗಳನ್ನು ಹೊರತೆಗೆಯಲು ಮನೆಗೆ ಬೇಕಾದ ಯುವಕನೊಬ್ಬ ಪ್ರಯತ್ನಿಸುತ್ತಿದ್ದ. ನಳಿಗೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯುವ ಭಾಗವನ್ನು ಹಿಂದಕ್ಕೆಳೆದರೆ ಒಳಗಿನ ತೋಟಾ ಹೊರಬೀಳುತ್ತದೆ. ಆದರೆ ಆ ಮಾದರಿಯಲ್ಲಿ, ಗುಂಡು ಹಾರದಂತೆ ತಡೆಯುವ ಸುರಕ್ಷಾ ಗುಂಡಿಯನ್ನು ಸಡಿಲಿಸದೆ ಅದನ್ನು ಎಳೆಯುವಂತಿರಲಿಲ್ಲ. ಅಂದರೆ ಪಿಸ್ತೂಲನ್ನು ಬರಿದುಮಾಡಿ ನಿರಪಾಯ ಮಾಡಬೇಕಾದರೆ ಮೊದಲು ಅದನ್ನು ಅಪಾಯದ ಸ್ಥಿತಿಗೆ ತರಬೇಕು! ಯುವಕ ಗುಂಡಿ ಸರಿಸಿದ, ಬೆರಳು ಜಾರಿತು, ಗುಂಡು ಹಾರಿತು. ಏಳು ವರ್ಷದ ಹುಡುಗ ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡ.

ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. ಸುರಕ್ಷಾ ಗುಂಡಿ ಹಾಕಿದ್ದಾಗ ತೋಟಾಗಳು ಸಿಕ್ಕಿಕೊಳ್ಳುತ್ತಿದ್ದ ದೋಷವನ್ನು ಮರೆಮಾಚಲು ಹಾಗೆ ವಿನ್ಯಾಸ ಬದಲಿಸಲಾಗಿತ್ತು ಎಂದು ಹುಡುಗನ ಪರ ವಕೀಲರು ವಾದಿಸಿದರು. 2003ರಲ್ಲಿ ಜ್ಯೂರಿ ಹುಡುಗನ ಪರವಾಗಿ ತೀರ್ಪು ಕೊಟ್ಟಿತು. ಸಂಸ್ಥೆ ಮತ್ತು ಅದರ ಒಡೆಯನ ಪಾಲಿಗೆ ಬಂದ ಪರಿಹಾರದ ಹೊಣೆ ಸುಮಾರು 2 ಕೋಟಿ 40 ಲಕ್ಷ ಡಾಲರ್. ಸಂಸ್ಥೆ ಕೂಡಲೇ ದಿವಾಳಿ ಅರ್ಜಿ ಹಾಕಿತು.

ಮುಂದಿನ ಘಟನೆ ಚರಿತ್ರೆಯಲ್ಲೇ ಅಪರೂಪದ್ದು. 2004ರಲ್ಲಿ ಕಾರ್ಖಾನೆಯ ಆಸ್ತಿ ಹರಾಜಿಗೆ ಬಂದಾಗ, ಗಾಲಿಕುರ್ಚಿಯಲ್ಲಿದ್ದ ಆ ಹುಡುಗನೇ ಅದನ್ನು ಕೊಳ್ಳಲು ಮುಂದಾದ. ಜೋಡಿಸದೆ ಉಳಿದಿದ್ದ ಸಾವಿರಾರು ಪಿಸ್ತೂಲುಗಳ ಭಾಗಗಳನ್ನು ಕರಗಿಸಿಹಾಕುವುದು ಅವನ ಸಂಕಲ್ಪ. ಜನರಿಂದ ಹಣ ಕೂಡಿಸಿದ. ಆದರೆ ಅದೇ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ವ್ಯಕ್ತಿ 5 ಲಕ್ಷ 10 ಸಾವಿರ ಡಾಲರಿಗೆ ಕೂಗಿ ಹರಾಜು ಗೆದ್ದ. ಹುಡುಗನ ಕೂಗು ಅದಕ್ಕಿಂತ ಸ್ವಲ್ಪವೇ ಕಡಿಮೆಯಿತ್ತು. ಹೊಸ ಒಡೆಯ ತನ್ನ ಹೆಸರಿನಲ್ಲಿ ಪಿಸ್ತೂಲು ತಯಾರಿಕೆ ಮುಂದುವರಿಸಿದ. ಆ ಸಂಸ್ಥೆ 2020ರಲ್ಲಿ ದಿವಾಳಿ ಅರ್ಜಿ ಹಾಕಿತು.

ಇಷ್ಟೆಲ್ಲ ಆಗುವುದಕ್ಕೆ ಮುಂಚೆ ಯಾವ ಸರ್ಕಾರಿ ಕಣ್ಣೂ ಆ ಸುರಕ್ಷಾ ಗುಂಡಿಯ ಮೇಲೆ ಏಕೆ ಬೀಳಲಿಲ್ಲ? 1972ರಲ್ಲಿ ಅಮೆರಿಕ ಗ್ರಾಹಕ ವಸ್ತುಗಳ ಸುರಕ್ಷತೆಗಾಗಿ ಒಂದು ಆಯೋಗವನ್ನು ರಚಿಸಿತು. ತೊಟ್ಟಿಲು, ಇಸ್ತ್ರಿಪೆಟ್ಟಿಗೆ, ಆಟಿಕೆ ಎಲ್ಲವೂ ಅದರ ವ್ಯಾಪ್ತಿಗೆ ಬಂದವು. ಬಂದೂಕು, ಪಿಸ್ತೂಲುಗಳನ್ನು ಮಾತ್ರ ಕಾನೂನೇ ಹೊರಗಿಟ್ಟಿತು. ಹೀಗಾಗಿ ಮಗುವಿನ ಆಟದ ಪಿಸ್ತೂಲಿಗೆ ನಿಯಮಗಳಿದ್ದವು, ಮಗುವನ್ನು ಕೊಲ್ಲಬಲ್ಲ ನಿಜವಾದ ಪಿಸ್ತೂಲಿಗೆ ಇರಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲಿ ಮಾಡಿದ ಕಾನೂನು, 2001ರಿಂದ ಜಾರಿಗೆ ಬಂದು, ಪಿಸ್ತೂಲನ್ನು ಕೆಳಕ್ಕೆ ಬೀಳಿಸಿ ಪರೀಕ್ಷೆ ಮಾಡುವುದನ್ನು ಕಡ್ಡಾಯ ಮಾಡಿತು. ನೂರು ವರ್ಷದ ಹಿಂದೆ ಐವರ್ ಜಾನ್ಸನ್ ಜಾಹೀರಾತಿನ ಸುತ್ತಿಗೆ ಮಾಡುತ್ತಿದ್ದ ಪರೀಕ್ಷೆಗೆ ಕಾನೂನಿನ ಬಲ ಬಂದದ್ದು ಅಷ್ಟು ತಡವಾಗಿ.

ಅಗ್ಗದ ಪಿಸ್ತೂಲೊಂದನ್ನು ಮೇಜಿನ ಮೇಲಿಟ್ಟುಕೊಂಡು, ಸಂಜೆಯ ಬಿಡುವಿನಲ್ಲಿ ಅದಕ್ಕೆ ಮೆರುಗು ಕೊಡುವವನ ಕೈಕುಶಲವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಎಸೆಯುವ ವಸ್ತುವಿಗೆ ಬೆಲೆ ತರುವ ಆಸೆ ಮನುಷ್ಯನಿಗೆ ಸಹಜವಾದುದು, ಒಳ್ಳೆಯದೂ ಹೌದು. ಆದರೆ ಎಷ್ಟು ತಿಕ್ಕಿದರೂ, ಯಾವ ಬಣ್ಣ ಬಳಿದರೂ, ಆ ಪುಟ್ಟ ಸುರಕ್ಷಾ ಗುಂಡಿ ಯಾವ ದಿಕ್ಕಿಗೆ ಸರಿಯಬೇಕೆಂಬುದನ್ನು ಅವನು ತೀರ್ಮಾನಿಸಲಾರ. ಅದು ಕಾರ್ಖಾನೆಯಲ್ಲಿ, ಎರಕದ ಅಚ್ಚು ಕೊರೆಯುವ ದಿನವೇ ತೀರ್ಮಾನವಾಗಿರುತ್ತದೆ. ಗೀಟೋ ಆಸೆಪಟ್ಟ ದಂತದ ಹಿಡಿ ಎಲ್ಲಿಗೆ ಹೋಯಿತೋ ಯಾರಿಗೂ ತಿಳಿಯದು. ವಿಲಿಟ್ಸ್‌ನ ಹುಡುಗ ಕರಗಿಸಬೇಕೆಂದಿದ್ದ ಲೋಹ ಮಾತ್ರ ಹೊಸ ಹೆಸರು ಹೊತ್ತು ಪೇಟೆಗೆ ಮರಳಿತು.